ನೀರು ನಿಲ್ಲುವ ತಿರುವು

ಆಫೀಸಿನಲ್ಲಿ ನನ್ನ ಹೆಸರು ಚರಂಡಿ ಅಕ್ಕ. ಬೆನ್ನ ಹಿಂದೆ ಅಲ್ಲ, ಎದುರಿಗೇ ಹಾಗೆ ಕರೆಯುತ್ತಾರೆ. ಹೆದ್ದಾರಿಗಳ ನಕ್ಷೆ ಮಾಡುವ, ದುರಸ್ತಿಯನ್ನೂ ಮಾಡಿಸುವ ಕಚೇರಿ ನಮ್ಮದು. ಮೇಲಿನ ಮಹಡಿಯಲ್ಲಿ ರಸ್ತೆಗೆ ತಿರುವು ಹಾಕುವವರು ಕೂರುತ್ತಾರೆ, ಅದರ ಕೆಳಗೆ ಏರಿಳಿತ ಹಾಕುವವರು. ನಾನೂ ನನ್ನ ವಿಭಾಗದ ಇಬ್ಬರು ಹುಡುಗಿಯರೂ ನೆಲಮಹಡಿಯಲ್ಲಿ, ಜೆರಾಕ್ಸ್ ಯಂತ್ರದ ಪಕ್ಕ. ರಸ್ತೆಯ ಮೇಲೆ ಬಿದ್ದ ಮಳೆನೀರು ಯಾವ ಕಡೆಗೆ ಹರಿಯಬೇಕು, ಎಲ್ಲಿ ಇಳಿಯಬೇಕು ಎಂದು ಗುರುತು ಹಾಕುವುದು ನಮ್ಮ ಕೆಲಸ. ಉಳಿದವರದ್ದೆಲ್ಲ ಮುಗಿದ ಮೇಲೆ ನಕ್ಷೆ ನಮ್ಮ ಮೇಜಿಗೆ ಬರುತ್ತದೆ, ಮದುವೆ ಮುಗಿದ ಮೇಲೆ ಪಾತ್ರೆ ತೊಳೆಯಲು ಕರೆದ ಹಾಗೆ. "ಚರಂಡಿ ಅಕ್ಕಾ, ನಾಲ್ಕು ಗೆರೆ ಎಳೆದು ಕೊಟ್ಬಿಡಿ, ನಾಳೆ ಕಳಿಸ್ಬೇಕು" ಅನ್ನುತ್ತಾರೆ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಕಚೇರಿಗೆಲ್ಲ ಗೊತ್ತು. ಆದರೂ ಹೇಳುತ್ತಾರೆ, ನಾನೂ ಬೈಯುತ್ತಲೇ ಗೆರೆ ಎಳೆದು ಕೊಡುತ್ತೇನೆ.

ನನಗೊಬ್ಬ ತಮ್ಮ. ದೊಡ್ಡಾಸ್ಪತ್ರೆಯ ಸಿಬ್ಬಂದಿಯನ್ನು ಬೆಳಗ್ಗೆ ಕರೆತಂದು ಸಂಜೆ ಮನೆಗೆ ಬಿಡುವ ಬಸ್ಸನ್ನು ಓಡಿಸುತ್ತಿದ್ದ. ಅಂಥ ನಿಧಾನಸ್ಥ ಡ್ರೈವರನ್ನು ನಾನು ಬೇರೆ ಕಂಡಿಲ್ಲ. ಅವನ ಹೆಂಡತಿಯ ತಂಗಿ ಅದೇ ಆಸ್ಪತ್ರೆಯಲ್ಲಿ ನರ್ಸು. ಬಾಗಿಲ ಪಕ್ಕದ ಮೊದಲ ಸೀಟು ಅವಳದೇ ಎಂದು ಬಸ್ಸಿನವರೆಲ್ಲ ಬಿಟ್ಟುಕೊಟ್ಟಿದ್ದರು. "ಭಾವಾ, ಇಳಿದು ನಡ್ಕೊಂಡು ಹೋಗ್ಲಾ? ನಿಮಗಿಂತ ಮುಂಚೆ ತಲುಪ್ತೀನಿ" ಎಂದು ದಿನಾ ಕಾಡಿಸುತ್ತಿದ್ದಳು. ಅವನು, "ಹೋಗಮ್ಮ ತಾಯಿ, ಹೋಗಿ ಅಲ್ಲಿ ನನಗೊಂದು ಟೀ ಹೇಳಿರು" ಅನ್ನುತ್ತಿದ್ದ. ಇಡೀ ಬಸ್ಸು ನಗುತ್ತಿತ್ತಂತೆ.

ಮಳೆಗಾಲದ ಶುರುವಿನಲ್ಲಿ, ಒಂದು ಬೆಳಗ್ಗೆ, ಊರ ಹೊರಗಿನ ಹೆದ್ದಾರಿಯ ತಿರುವಿನಲ್ಲಿ ಆ ಬಸ್ಸು ಜಾರಿತು. ಜಾರಿ, ನಡುವಿನ ಕಾಂಕ್ರೀಟು ತಡೆಗೋಡೆಗೆ ಬಡಿದು, ಬಾಗಿಲ ಕಡೆಗೆ ಮಗುಚಿಕೊಂಡಿತು. ವಾರ್ಡಿನ ಮುದುಕಿ ಆಯಾ ಒಬ್ಬಳು ಹೋದಳು. ಆ ನರ್ಸು ಹುಡುಗಿ ಹೋದಳು. ತಮ್ಮನ ಭುಜ ಮುರಿಯಿತು. ಪೊಲೀಸರು ಬಂದವರೇ, ಮಳೆಯಲ್ಲಿ ಅತಿವೇಗ, ನಿರ್ಲಕ್ಷ್ಯ ಎಂದು ಬರೆದುಕೊಂಡು ಹೋದರು. ಆ ಹೊತ್ತಿಗೆ ಮಳೆ ನಿಂತು ಬಿಸಿಲು ಬಂದಿತ್ತು, ರಸ್ತೆ ಒಣಗಿತ್ತು.

ಆಸ್ಪತ್ರೆಯ ಹಾಸಿಗೆಯಲ್ಲಿ ಅವನು ನನ್ನ ಕೈ ಹಿಡಿದುಕೊಂಡು ಒಂದೇ ಮಾತನ್ನು ಹೇಳಿದ. "ನಾನು ಜೋರಾಗಿ ಹೋಗ್ತಿರ್ಲಿಲ್ಲ ಅಕ್ಕಾ. ಬ್ರೇಕೂ ಮುಟ್ಟಿಲ್ಲ. ಸ್ಟೇರಿಂಗ್ ಹಗುರ ಆಗ್ಬಿಡ್ತು. ಕೈಯಲ್ಲಿ ಏನೂ ಇಲ್ವೇನೋ ಅನ್ನೋ ಹಾಗೆ."

ಬಾಗಿಲಲ್ಲಿ ಅವನ ಹೆಂಡತಿ ನಿಂತಿದ್ದಳು. ತಂಗಿಯನ್ನು ಮಣ್ಣು ಮಾಡಿ ಬಂದ ಬಟ್ಟೆಯಲ್ಲೇ ಇದ್ದಳು. "ಹಗುರ ಆಯ್ತಂತೆ" ಎಂದಳು, ಅಷ್ಟೇ. ತಿರುಗಿ ಹೊರಟುಹೋದಳು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವಳ ಮಾತಲ್ಲ, ಅವನ ಮಾತು. ಸ್ಟೇರಿಂಗ್ ಹಗುರಾಗುವುದು ಎಂದರೆ ಏನೆಂದು ನನಗೆ ಗೊತ್ತು. ರಸ್ತೆಯ ಮೇಲೆ ತೆಳ್ಳಗೆ ನೀರು ನಿಂತಿರುತ್ತದೆ, ಎರಡು ನಾಣ್ಯದ ದಪ್ಪದಷ್ಟು. ಕಣ್ಣಿಗೆ ಅದು ನೀರು ಎಂದು ಅನ್ನಿಸುವುದೂ ಇಲ್ಲ. ಚಕ್ರ ಅದನ್ನು ಪಕ್ಕಕ್ಕೆ ತಳ್ಳಲಾರದೆ ಅದರ ಮೇಲೆ ಹತ್ತಿಬಿಡುತ್ತದೆ. ಆಮೇಲೆ ಡಾಂಬರಿಗೂ ಚಕ್ರಕ್ಕೂ ಸಂಬಂಧವಿಲ್ಲ. ಬಸ್ಸು ತನಗೆ ತೋಚಿದ ಕಡೆ ಹೋಗುತ್ತದೆ, ಡ್ರೈವರು ಸುಮ್ಮನೆ ಸ್ಟೇರಿಂಗ್ ಹಿಡಿದುಕೊಂಡು ಕೂತಿರುತ್ತಾನೆ.

ಮರುದಿನವೇ ಆ ತಿರುವಿನ ನಕ್ಷೆ ಹುಡುಕಿದೆ. ನಮ್ಮ ಕಚೇರಿಯದೇ. ಕೆಲ ವರ್ಷದ ಹಿಂದೆ ಆ ರಸ್ತೆಗೆ ಇನ್ನೊಂದು ಸಾಲು ಸೇರಿಸಿ ಅಗಲ ಮಾಡಿದ್ದರು. ಅಗಲ ಮಾಡುವುದಷ್ಟೇ ತಾನೇ, ನೀರಿನ ವ್ಯವಸ್ಥೆ ಹಳೆಯದೇ ಸಾಕು ಎಂದು ನಮ್ಮ ವಿಭಾಗಕ್ಕೆ ಕಳಿಸಿಯೇ ಇರಲಿಲ್ಲ. ತಿರುವಿನವರ ಹಾಳೆ ನೋಡಿದೆ, ಎಲ್ಲ ಸರಿ. ಏರಿಳಿತದವರ ಹಾಳೆ ನೋಡಿದೆ, ಅದೂ ಸರಿ. ಆಮೇಲೆ ಎರಡನ್ನೂ ಒಂದರ ಮೇಲೊಂದು ಇಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದೆ.

ಇದನ್ನು ಬಿಡಿಸಿ ಹೇಳುತ್ತೇನೆ, ದೊಡ್ಡ ವಿದ್ಯೆ ಏನಲ್ಲ. ನೇರ ರಸ್ತೆಗೆ ನಡುವೆ ಬೆನ್ನು ಇರುತ್ತದೆ. ನೀರು ಎರಡೂ ಕಡೆಗೆ ಇಳಿಯುತ್ತದೆ. ತಿರುವು ಬಂದಾಗ ರಸ್ತೆಯನ್ನು ಪೂರ್ತಿ ಒಂದೇ ಕಡೆಗೆ, ತಿರುವಿನ ಒಳಗಡೆಗೆ ವಾಲಿಸುತ್ತಾರೆ, ಗಾಡಿ ಹೊರಗೆ ಎಸೆದುಕೊಂಡು ಹೋಗದಿರಲಿ ಎಂದು. ಹಾಗಾಗಿ ಹೊರಗಿನ ಅರ್ಧ ರಸ್ತೆ ಮೊದಲು ಆ ಕಡೆಗೆ ವಾಲಿದ್ದು ಆಮೇಲೆ ಈ ಕಡೆಗೆ ವಾಲಬೇಕು. ಈ ವಾಲು ಬದಲಾಗುವಾಗ ನಡುವೆ ಒಂದು ಜಾಗದಲ್ಲಿ ಅದು ಮಣೆಯ ಹಾಗೆ ಚಪ್ಪಟೆಯಾಗಲೇಬೇಕು. ಅದನ್ನು ತಪ್ಪಿಸಲು ಯಾರಿಂದಲೂ ಆಗದು. ಅದಕ್ಕೇ ಆ ಚಪ್ಪಟೆ ಜಾಗವನ್ನು ರಸ್ತೆ ಏರುವಲ್ಲೋ ಇಳಿಯುವಲ್ಲೋ ಇಡಬೇಕು. ಅಡ್ಡಕ್ಕೆ ಹರಿಯದ ನೀರು ಉದ್ದಕ್ಕಾದರೂ ಹರಿದುಹೋಗುತ್ತದೆ. ಇವರು ಅದನ್ನು ತಂದು ಇಳಿಜಾರು ಮುಗಿದು ಏರು ಶುರುವಾಗುವ ತಗ್ಗಿನ ತಳದಲ್ಲಿಟ್ಟಿದ್ದರು. ಅಲ್ಲಿ ಉದ್ದಕ್ಕೂ ಚಪ್ಪಟೆ, ಅಡ್ಡಕ್ಕೂ ಚಪ್ಪಟೆ. ಮೇಲಿನ ಮಹಡಿಯವನು ಒಂದು ಹಾಳೆ ಮಾಡಿದ, ಕೆಳಗಿನ ಮಹಡಿಯವನು ಇನ್ನೊಂದು ಮಾಡಿದ. ಇಬ್ಬರೂ ನಿಯಮ ತಪ್ಪಲಿಲ್ಲ. ಒಂದು ಮಹಡಿ ಇಳಿದು ಎರಡು ಹಾಳೆಯನ್ನು ಜೋಡಿಸಿ ನೋಡುವ ಪುಣ್ಯಾತ್ಮ ಮಾತ್ರ ಯಾರೂ ಇರಲಿಲ್ಲ.

ನಮ್ಮ ಮುಖ್ಯಸ್ಥರನ್ನು ಎಲ್ಲರೂ ನೋಡೋಣ ಸಾಹೇಬರು ಅನ್ನುತ್ತಾರೆ. ಸಂಬಳ ಕೇಳಿದರೂ ನೋಡೋಣ, ರಜೆ ಕೇಳಿದರೂ ನೋಡೋಣ. ಅವರ ಕೋಣೆಗೆ ನುಗ್ಗಿ ಎರಡು ಹಾಳೆಯನ್ನೂ ಮೇಜಿನ ಮೇಲೆ ಎಸೆದೆ. ಅವರು ನೋಡಿದರು. ದಡ್ಡರಲ್ಲ, ಒಂದೇ ನೋಟಕ್ಕೆ ಅವರಿಗೆ ತಿಳಿಯಿತು. ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಇದನ್ನ ಯಾರಿಗಾದ್ರೂ ತೋರಿಸಿದ್ರಾ?"

"ಇನ್ನೂ ಇಲ್ಲ. ತೋರಿಸ್ತೀನಿ."

"ನೋಡೀಮ್ಮಾ, ಹಾಳೆ ಮೇಲೆ ಇರೋದೇ ಬೇರೆ, ನೆಲದ ಮೇಲೆ ಇರೋದೇ ಬೇರೆ. ಕಟ್ಟಿದವರು ಸರಿ ಮಾಡ್ಕೊಂಡಿರಬಹುದು. ನೋಡೋಣ."

"ಸಾರ್, ನನ್ನ ತಮ್ಮ ಜೈಲಿಗೆ ಹೋಗ್ತಾನೆ. ನೋಡೋಣ ಅಂತೀರಲ್ಲ, ಹೊಟ್ಟೆಗೇನು ತಿಂತೀರಿ ನೀವು?"

ಕಚೇರಿಯಲ್ಲಿ ಇನ್ಯಾರಾದರೂ ಹೀಗೆ ಅಂದಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದರು. ನನ್ನೆದುರು ಮಾತ್ರ ಕನ್ನಡಕ ತೆಗೆದು ಒರೆಸುತ್ತಾ ಕೂತರು.

ನಮ್ಮ ವಕೀಲೆ ಸಣ್ಣ ವಯಸ್ಸಿನವಳು, ಚುರುಕು. ನಾನು ಮಳೆಯಲ್ಲಿ ನಿಂತು ಅಳೆದ ಅಳತೆ, ತೆಗೆದ ಫೋಟೋ ಎಲ್ಲ ನೋಡಿ ತಲೆಯಾಡಿಸಿದಳು. "ಮೇಡಂ, ಅಳತೆಗೆ ಅಕ್ಕನ ಅಳತೆ ಅಂತಾರೆ. ಫೋಟೋಗೆ, ಮಳೇಲಿ ಎಲ್ಲ ರಸ್ತೆನೂ ಒದ್ದೆ ಇರುತ್ತೆ ಅಂತಾರೆ. ಹಾಳೆ ತೋರಿಸಿದ್ರೆ, ಕಟ್ಟಿದ್ದು ಹಾಗಿಲ್ಲ ಅಂತಾರೆ. ಕೋರ್ಟಿನ ಕಡೆಯಿಂದ ಒಬ್ಬ ಪರಿಶೀಲಕರು ಹೋಗಿ, ಅಲ್ಲಿ ನೀರು ನಿಲ್ಲೋದನ್ನ ಕಣ್ಣಾರೆ ನೋಡ್ಬೇಕು. ನಾನು ಅರ್ಜಿ ಹಾಕಿದೀನಿ, ಒಪ್ಪಿದಾರೆ, ಯಾವತ್ತು ಅಂತ ಇನ್ನೂ ಹೇಳಿಲ್ಲ. ಅಲ್ಲಿವರೆಗೂ ಆ ರಸ್ತೆ ಹೇಗಿದೆಯೋ ಹಾಗೇ ಇರ್ಲಿ. ನಮಗಿರೋ ಸಾಕ್ಷಿ ಅದೊಂದೇ."

ಹೀಗೆ ಆ ನೀರನ್ನು ಕಾಪಾಡುವುದು ನಮ್ಮ ಮನೆಯ ಕೆಲಸವಾಯಿತು. ಜೀವಮಾನವೆಲ್ಲ ರಸ್ತೆಯಿಂದ ನೀರು ಓಡಿಸಿದವಳು ನಾನು. ಈಗ, ಅಯ್ಯೋ ಅದು ಅಲ್ಲೇ ನಿಂತಿರಲಪ್ಪ ಎಂದು ಬೇಡಿಕೊಳ್ಳುವ ಗತಿ ಬಂತು.

ತಮ್ಮನ ಮನೆಗೆ ವಾರಕ್ಕೆರಡು ಸಲ ಹೋಗುತ್ತಿದ್ದೆ. ಎರಡು ಕೋಣೆಯ ಮನೆ, ಅಡುಗೆಮನೆಗೂ ಹಜಾರಕ್ಕೂ ನಡುವೆ ಒಂದು ಅರ್ಧಗೋಡೆ. ಅವನ ಹೆಂಡತಿ ಆ ಗೋಡೆಯ ಮೇಲೆ ಅವನ ತಟ್ಟೆ ಇಟ್ಟು ಒಳಗೆ ಹೋಗಿಬಿಡುವಳು. ಅವನು ಎದ್ದು ತೆಗೆದುಕೊಂಡು, ಒಂದೇ ಕೈಯಲ್ಲಿ ತಿಂದು, ತೊಳೆದು ಅಲ್ಲೇ ಇಡುವನು. ಮಾತಿಲ್ಲ, ಕತೆಯಿಲ್ಲ. ಬೈದಿದ್ದರೆ ಬದುಕಬಹುದಿತ್ತು. ನನಗೋ ಸುಮ್ಮನಿರುವವರನ್ನು ಕಂಡರೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಒಂದು ದಿನ ತಡೆಯಲಾರದೆ ಅಡುಗೆಮನೆಗೇ ಹೋಗಿ ಕೇಳಿದೆ. "ಅಲ್ಲ ಕಣೇ, ಎಷ್ಟು ದಿನ ಹೀಗೆ? ಅವನು ಬೇಕಂತ ಮಾಡಿದ್ನಾ? ರಸ್ತೆ ತಪ್ಪು ಅಂತ ನಾನು ಅಳೆದು ನೋಡಿದೀನಿ."

ಅವಳು ತರಕಾರಿ ಹೆಚ್ಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಅತ್ತಿಗೆ, ಅವಳು ನಾನು ಎತ್ತಿ ಆಡಿಸಿದ ಕೂಸು. ನೀವು ಅವರ ಅಕ್ಕ, ನೀವು ಬೇರೆ ಏನು ಹೇಳ್ತೀರಿ? ಹೊರಗಿನವರು ಯಾರಾದ್ರೂ ಹೇಳ್ಲಿ. ಕೋರ್ಟು ಹೇಳ್ಲಿ. ಇವರ ತಪ್ಪಲ್ಲ, ರಸ್ತೆದು ಅಂತ ಒಂದೇ ಒಂದು ಮಾತು ಹೇಳ್ಲಿ, ಅವತ್ತೇ ಇವರ ಕಾಲು ಹಿಡಿದು ತಪ್ಪಾಯ್ತು ಅಂತೀನಿ. ಅದಿಲ್ಲದೆ ನನ್ನ ಕೈಲಿ ಆಗಲ್ಲ. ಇವರ ಮುಖ ನೋಡಿದ್ರೆ ಅವಳ ಸೀಟೇ ಕಣ್ಮುಂದೆ ಬರುತ್ತೆ."

ಹಜಾರದಲ್ಲಿ ಅವನು ಎಲ್ಲ ಕೇಳಿಸಿಕೊಂಡಿದ್ದ. ನಾನು ಹೊರಗೆ ಬಂದಾಗ, ಬಹಳ ದಿನದ ಮೇಲೆ, ಅವನ ಮುಖದಲ್ಲಿ ಒಂದಿಷ್ಟು ಆಸೆ ಕಂಡಿತು. "ಕೇಳಿದ್ಯಾ ಅಕ್ಕಾ, ಒಂದೇ ಮಾತು ಸಾಕಂತೆ" ಎಂದ. ಅವನಿಗೆ ಜೈಲಿನ ಭಯ ಇರಲಿಲ್ಲ. ಆ ಒಂದು ಮಾತು ಬೇಕಿತ್ತು, ಅಷ್ಟೇ.

ಆಮೇಲೆ ಅವನು ಹೊಸದೊಂದು ಶುರು ಮಾಡಿದ. ಮೋಡ ಕವಿಯಿತೆಂದರೆ ಸಾಕು, ಕೆಂಪು ಬಟ್ಟೆಯೊಂದನ್ನು ಸುತ್ತಿ ಕೈಯಲ್ಲಿ ಹಿಡಿದುಕೊಂಡು ಸಿಟಿ ಬಸ್ಸು ಹತ್ತಿ ಆ ತಿರುವಿಗೆ ಹೋಗುವುದು. ತಿರುವಿಗೆ ಬಹಳ ಮೊದಲೇ, ರಸ್ತೆಯ ಅಂಚಿನ ಹುಲ್ಲಿನಲ್ಲಿ ನಿಂತು, ಒಳ್ಳೆಯ ಕೈಯಲ್ಲಿ ಆ ಬಟ್ಟೆ ಬೀಸುವುದು. ನನಗೆ ಗೊತ್ತಾದದ್ದು ವಕೀಲೆಯಿಂದ. ಒಂದು ಸಂಜೆ ಆಫೀಸು ಬಿಟ್ಟವಳೇ ಕಾರು ತೆಗೆದುಕೊಂಡು ಹೋದೆ. ಜಡಿಮಳೆ. ತೊಪ್ಪೆಯಾಗಿ ನಿಂತಿದ್ದ. ಕೆಲವರು ನಿಧಾನ ಮಾಡುತ್ತಿದ್ದರು, ಹಲವರು ಹಾರ್ನ್ ಹೊಡೆದು ಬೈದುಕೊಂಡು ಹೋಗುತ್ತಿದ್ದರು.

"ತಲೆ ನೆಟ್ಟಗಿದೆಯೇನೋ ನಿನಗೆ? ನಿನ್ನ ಮೇಲೇ ಹತ್ತಿಸಿದ್ರೆ?"

"ಹಾಗಂತ ಸುಮ್ನೆ ಮನೇಲಿ ಕೂತಿರೋಕಾಗುತ್ತಾ? ಆ ರಸ್ತೆ ಮುಟ್ಟಬಾರದು ಅಂತ ಇಟ್ಕೊಂಡಿರೋದು ನಾವು. ಯಾರಿಗಾದ್ರೂ ಏನಾದ್ರೂ ಆದ್ರೆ ಆ ಪಾಪ ನಮಗೇ ತಾನೇ ಬರೋದು?"

ನಾನು ಕೊಡೆಯನ್ನು ಅವನ ತಲೆಯ ಮೇಲೆ ಹಿಡಿಯುವಷ್ಟರಲ್ಲಿ ಒಂದು ಬಿಳಿ ಕಾರು ನಮ್ಮನ್ನು ದಾಟಿತು. ವೇಗ ಹೆಚ್ಚೇನೂ ಇರಲಿಲ್ಲ. ಆ ಚಪ್ಪಟೆ ಜಾಗಕ್ಕೆ ಹೋದದ್ದೇ, ಸದ್ದೇ ಇಲ್ಲದೆ, ಮೆಲ್ಲಗೆ ತಿರುಗತೊಡಗಿತು. ಒಂದು ಸುತ್ತು ಪೂರ್ತಿ ತಿರುಗಿ, ಇನ್ನರ್ಧ ತಿರುಗಿ, ಬಂದ ದಿಕ್ಕಿಗೇ ಮುಖ ಮಾಡಿಕೊಂಡು ತಡೆಗೋಡೆಯ ಪಕ್ಕ ನಿಂತಿತು. ಹಿಂದೆ ಲಾರಿ ಬರುತ್ತಿತ್ತು. ತಮ್ಮ ಹುಚ್ಚನ ಹಾಗೆ ಕಿರುಚುತ್ತಾ ರಸ್ತೆಯ ನಡುವಿಗೇ ಓಡಿ ಬಟ್ಟೆ ಬೀಸಿದ. ಲಾರಿಯವನು ಹೇಗೋ ನಿಲ್ಲಿಸಿದ.

ಕಾರಿನಿಂದ ಇಳಿದವಳು ಇನ್ನೂ ಹುಡುಗಿ. ಎದೆಗೆ ಮಗುವನ್ನು ಅವಚಿಕೊಂಡಿದ್ದಳು. ಮಗು ನಿದ್ದೆಯಲ್ಲಿತ್ತು. ಅವಳಿಗೆ ನಗುವೋ ಅಳುವೋ ತಿಳಿಯದ ಏನೋ ಒಂದು ಬರುತ್ತಿತ್ತು. "ನಾನೇನೂ ಮಾಡಿಲ್ಲ, ಸ್ಟೇರಿಂಗ್ ಲೂಸ್ ಆಗೋಯ್ತು, ನಾನೇನೂ ಮಾಡಿಲ್ಲ" ಎಂದು ನಮಗಿಬ್ಬರಿಗೂ ಹೇಳುತ್ತಲೇ ಇದ್ದಳು.

ವಾಪಸು ಬರುವಾಗ ತಮ್ಮ ಖುಷಿಯಲ್ಲಿದ್ದ. "ನೋಡಿದ್ಯಲ್ಲಾ ಅಕ್ಕಾ? ನನಗೂ ಹಾಗೇ ಆಗಿದ್ದು, ಹಾಗೇ!" ನಾನು ಕಾರನ್ನು ಎರಡನೇ ಗೇರಿನಲ್ಲೇ ಓಡಿಸುತ್ತಿದ್ದೆ. ಆ ಮಗು ನಿದ್ದೆಯಲ್ಲೇ ಹೋಗಿಬಿಡುತ್ತಿತ್ತು. ನಾವು ಕಾಪಾಡಿಕೊಂಡಿದ್ದ ನೀರಿನಲ್ಲಿ.

ಮರುದಿನ ನೋಡೋಣ ಸಾಹೇಬರ ಮುಂದೆ ಹೋಗಿ ನಿಂತೆ. ಬೈಯುವ ಶಕ್ತಿ ಇರಲಿಲ್ಲ. "ಆ ತಿರುವನ್ನ ಸರಿ ಮಾಡಿಸಿ ಸಾರ್. ಅಲ್ಲಿವರೆಗೆ ಒಂದು ಎಚ್ಚರಿಕೆ ಬೋರ್ಡಾದ್ರೂ ಹಾಕ್ಸಿ."

"ಬೋರ್ಡ್ ಹಾಕಿದ್ರೆ ಒಪ್ಕೊಂಡ ಹಾಗೆ" ಎಂದರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು. "ದೋಷ ಅಂತ ನಕ್ಷೇಲಿ ಬಂದ್ರೆ ಕಡತ ಕಾನೂನಿನವರ ಹತ್ರ ಹೋಗುತ್ತೆ. ಕೇಸು ಮುಗಿಯೋ ತನಕ ಅಲ್ಲಿ ಯಾರೂ ಒಂದು ಸಲಿಕೆ ಇಡಲ್ಲ. ಕೇಸು ಯಾವಾಗ ಮುಗಿಯುತ್ತೋ ದೇವರಿಗೇ ಗೊತ್ತು. ಆದ್ರೆ ವಾಡಿಕೆ ದುರಸ್ತಿ ಅಂತ ಮಾಡಿದ್ರೆ ನನ್ನ ಕೈಲೇ ಇದೆ, ಮುಂದಿನ ವಾರ ಯಂತ್ರ ಇಳಿಸ್ತೀನಿ. ನಕ್ಷೆ ನೀವೇ ಮಾಡಿ, ನಿಮ್ಮಷ್ಟು ಚೆನ್ನಾಗಿ ಯಾರೂ ಮಾಡಲ್ಲ. ಮೂಲೇಲಿ ಒಂದು ಟಿಪ್ಪಣಿ ಬೇಕು. ಈಗಿರುವ ಇಳಿಜಾರಿನಲ್ಲಿ ದೋಷವಿಲ್ಲ, ಮೇಲ್ಪದರ ಹಳತಾಗಿರುವುದರಿಂದ ಹೊಸದು, ಅಂತ. ಕೆಳಗೆ ವಿಭಾಗದವರ ಸಹಿ."

"ನನ್ನ ಸಹಿ."

"ನಿಮ್ಮದೇ. ಅದಿಲ್ದೆ ಕೆಲಸ ಶುರು ಆಗಲ್ಲ."

ಥೂ, ಎಂಥ ಮನುಷ್ಯ ಎಂದು ನಿಮಗನ್ನಿಸಬಹುದು. ನನಗೂ ಅನ್ನಿಸಿತು. ಆದರೆ ಅವರ ಕಣ್ಣಲ್ಲಿ ನೀರಿತ್ತು, ಅದನ್ನೂ ಹೇಳಬೇಕು. ಅವರ ಕೈಲಿದ್ದದ್ದು ಅಷ್ಟೇ, ಅದನ್ನೇ ಕೊಡುತ್ತಿದ್ದರು.

ವಕೀಲೆಗೆ ಫೋನು ಮಾಡಿ ಪರಿಶೀಲಕರು ಯಾವತ್ತು ಬರುತ್ತಾರೆ ಎಂದೆ. ಮತ್ತೆ ಮುಂದಕ್ಕೆ ಹೋಗಿದೆ, ಈ ಮಳೆಗಾಲ ಕಳೆದರೂ ಕಳೆಯಬಹುದು ಎಂದಳು. ತಮ್ಮನ ಮನೆಗೆ ಹೋಗಿ, ಅವನನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಎಲ್ಲ ಹೇಳಿದೆ. ಅವನು, ಹಾಕು ಅಕ್ಕಾ, ಪರವಾಗಿಲ್ಲ ಅನ್ನುತ್ತಾನೆ ಎಂದುಕೊಂಡಿದ್ದೆ. ಅಷ್ಟು ಒಳ್ಳೆಯವನು ಅವನು.

ಅವನು ನನ್ನ ಎರಡೂ ಪಾದ ಹಿಡಿದುಕೊಂಡ. "ಬೇಡ ಅಕ್ಕಾ. ದಮ್ಮಯ್ಯ ಅಂತೀನಿ. ನಾನು ನಿಲ್ತೀನಿ ಅಲ್ಲಿ. ಮಳೆ ಬಂದಾಗೆಲ್ಲ ನಿಲ್ತೀನಿ. ಊಟ ಬಿಡ್ತೀನಿ, ನಿದ್ದೆ ಬಿಡ್ತೀನಿ. ಯಾರಿಗೂ ಏನೂ ಆಗದ ಹಾಗೆ ನೋಡ್ಕೋತೀನಿ. ಅವರು ಬಂದು ನೋಡೋವರೆಗೆ ಮಾತ್ರ."

"ನೀನು ಮಲಗಿದ್ದಾಗ ಮಳೆ ಬಂದ್ರೆ? ನಿನ್ನ ಬಸ್ಸು ಅಲ್ಲಿಗೆ ತಲುಪೋದರೊಳಗೆ ಬಂದ್ರೆ? ಆ ಮಗೂನ ನೋಡಿದ್ಯಲ್ಲೋ."

"ಆ ಮಗು ಯಾರದೋ, ನಾನು ನಿನ್ನ ತಮ್ಮ! ಗುರುತು ಪರಿಚಯ ಇಲ್ಲದವರಿಗೋಸ್ಕರ ನನ್ನ ಬಾಯಿಗೆ ಮಣ್ಣು ಹಾಕ್ತೀಯಾ? ನನಗೆ ಇನ್ನೇನಿದೆ ಅಕ್ಕಾ? ಒಂದು ಮಾತು. ಅದೂ ಸಿಗದ ಹಾಗೆ ಮಾಡ್ತೀಯಾ?"

ಒಳಗೆ ಅವನ ಹೆಂಡತಿಯ ಟಿವಿ ಸೀರಿಯಲ್ಲಿನ ಸದ್ದು ಕೇಳುತ್ತಿತ್ತು. ನಾನು ಪಾದ ಬಿಡಿಸಿಕೊಂಡು ಎದ್ದೆ. ಮೆಟ್ಟಿಲಿಳಿದು ಹೊರಟೆ.

ನಕ್ಷೆ ಮಾಡಿದೆ. ಸುಳ್ಳು ಹೇಳಬಾರದು, ಮೈಯೆಲ್ಲ ಕಣ್ಣಾಗಿ ಮಾಡಿದೆ. ರಸ್ತೆಯ ಬೆನ್ನನ್ನು ನಡುವಿನಲ್ಲೇ ಬಿಡದೆ ಓರೆಯಾಗಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸಾಗಿಸಿದೆ. ಹೀಗೆ ಮಾಡಿದರೆ ಎಲ್ಲೂ ಅಗಲವಾದ ಚಪ್ಪಟೆ ಜಾಗ ಉಳಿಯುವುದಿಲ್ಲ. ನೀರಿಗೆ ಯಾವಾಗಲೂ ಒಂದು ಕಡೆ ದಾರಿ ಇರುತ್ತದೆ. ಅಂಚಿನಲ್ಲಿ ಎತ್ತರ ಬೆಳೆದಿದ್ದ ಹುಲ್ಲಿನ ದಿಬ್ಬ ಕೆತ್ತಿಸಿದೆ, ತಡೆಗೋಡೆಯ ಬುಡದಲ್ಲಿ ಕಿಂಡಿ ಬಿಡಿಸಿದೆ, ತಗ್ಗಿನ ತಳದಲ್ಲಿ ಕಬ್ಬಿಣದ ಜಾಲರಿಯ ಮೋರಿ ಇಟ್ಟೆ. ಮೂಲೆಯಲ್ಲಿ ಆ ಟಿಪ್ಪಣಿ ಬರೆದೆ. ಸಹಿ ಹಾಕಿದೆ. ಕೆಲಸ ನಡೆಯುವಾಗ ದಿನಾ ಹೋಗಿ ನಿಂತು, ರೋಲರಿನವನ ತಲೆ ತಿಂದು, ಒಂದು ಬೆರಳು ಹೆಚ್ಚುಕಮ್ಮಿಯಾಗದ ಹಾಗೆ ಮಾಡಿಸಿದೆ. ತಮ್ಮ ನನ್ನ ಫೋನು ತೆಗೆಯುವುದನ್ನು ನಿಲ್ಲಿಸಿದ್ದ.

ಪರಿಶೀಲಕರು ಮಳೆಗಾಲದ ಕೊನೆಯಲ್ಲಿ ಬಂದರು. ಮಳೆ ಇಲ್ಲದ್ದರಿಂದ ಟ್ಯಾಂಕರಿನಲ್ಲಿ ನೀರು ತರಿಸಿ ಸುರಿಸಿದರು. ನೀರು ಸರ್ರನೆ ಹರಿದು ಜಾಲರಿಗೆ ಬಿದ್ದುಹೋಯಿತು. ಇನ್ನೊಂದು ಟ್ಯಾಂಕರು ಸುರಿಸಿದರು. ಅದೂ ಹೋಯಿತು. ಪರಿಶೀಲಕರು ಸಜ್ಜನರು, ನಾನು ಯಾರೆಂದು ತಿಳಿಯದೆ, "ಬಹಳ ಒಳ್ಳೆ ಕೆಲಸ ರೀ ಇದು" ಎಂದರು.

ಕೋರ್ಟಿನಲ್ಲಿ ನಾನು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಎರಡು ಹಾಳೆ ತೋರಿಸಿದೆ, ಅಳತೆ ಓದಿದೆ. ಎದುರಿನ ವಕೀಲರು ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ ದುರಸ್ತಿಯ ನಕ್ಷೆ ಬಿಚ್ಚಿ ಹಿಡಿದರು.

"ಈಗಿರುವ ಇಳಿಜಾರಿನಲ್ಲಿ ದೋಷವಿಲ್ಲ. ಈ ಸಹಿ ಯಾರದು ಮೇಡಂ?"

"ನನ್ನದು. ಆದ್ರೆ ಅದು ಸುಳ್ಳು. ಹಾಗೆ ಬರೆಯದಿದ್ರೆ ರಸ್ತೆ ಸರಿ ಮಾಡ್ತಿರ್ಲಿಲ್ಲ."

"ಅಂದ್ರೆ ಕಚೇರಿಯಲ್ಲಿ ಬರೆದದ್ದು ಸುಳ್ಳು. ತಮ್ಮನ ಸಲುವಾಗಿ ಇಲ್ಲಿ ಹೇಳ್ತಿರೋದು ಮಾತ್ರ ನಿಜ."

"ಹೌದು" ಎಂದೆ. ನನ್ನ ಕಿವಿಗೇ ಅದು ಸುಳ್ಳಿನ ಹಾಗೆ ಕೇಳಿಸಿತು. ಕಚೇರಿಯ ಕಡೆಯಿಂದ ನೋಡೋಣ ಸಾಹೇಬರು ಬಂದು, ಕನ್ನಡಕ ಒರೆಸುತ್ತಾ, ಅದು ವಾಡಿಕೆಯ ದುರಸ್ತಿ ಎಂದು ಹೇಳಿ ಹೋದರು. ಬಿಳಿ ಕಾರಿನ ಹುಡುಗಿಯ ವಿಳಾಸ ನಮಗೆ ಗೊತ್ತಿರಲಿಲ್ಲ. ಆ ಗಡಿಬಿಡಿಯಲ್ಲಿ ಕೇಳಲು ಹೊಳೆದಿರಲಿಲ್ಲ. ತಮ್ಮ ಕಟಕಟೆಯಲ್ಲಿ ನಿಂತು ನೆಲ ನೋಡುತ್ತಿದ್ದ. ತೀರ್ಪು ಓದುವಾಗಲೂ ತಲೆ ಎತ್ತಲಿಲ್ಲ. ಚಾಲಕನ ನಿರ್ಲಕ್ಷ್ಯದಿಂದಲೇ ಇಬ್ಬರ ಸಾವು ಸಂಭವಿಸಿದೆ ಎಂದರು. ಪೊಲೀಸರು ಕರೆದುಕೊಂಡು ಹೋಗುವಾಗ ನನ್ನ ಪಕ್ಕದಲ್ಲೇ ಹಾದುಹೋದ. "ಪುಟ್ಟಾ" ಎಂದೆ, ಚಿಕ್ಕವನಿದ್ದಾಗ ಕರೆಯುತ್ತಿದ್ದ ಹೆಸರು. ಕೇಳಿಸಲಿಲ್ಲವೋ, ಕೇಳಿಸಿಯೂ ತಿರುಗಲಿಲ್ಲವೋ.

ಈಗ ಯಾರಾದರೂ ನನ್ನನ್ನು, ಮತ್ತೆ ಅದೇ ದಿನ ಬಂದರೆ ಸಹಿ ಹಾಕುತ್ತೀಯಾ ಎಂದು ಕೇಳಿದರೆ ಹಾಕುತ್ತೇನೆ. ಅವನ ಮುಖ ಕಣ್ಣ ಮುಂದಿದ್ದರೂ ಹಾಕುತ್ತೇನೆ. ಅದು ಗೊತ್ತಿರುವುದರಿಂದಲೇ ಜೈಲಿಗೆ ಹೋದಾಗ ಅವನ ಕ್ಷಮೆ ಕೇಳಲು ನನಗೆ ಬಾಯಿ ಬರುವುದಿಲ್ಲ. ಹಣ್ಣು ಕೊಟ್ಟು ಬರುತ್ತೇನೆ. ಅವನು ತೆಗೆದುಕೊಳ್ಳುತ್ತಾನೆ, ಚೆನ್ನಾಗಿದೀಯಾ ಎಂದೂ ಕೇಳುತ್ತಾನೆ, ದೂರದ ನೆಂಟರನ್ನು ಕೇಳುವ ಹಾಗೆ.

ಮುಂದಿನ ಮಳೆಗಾಲ ಶುರುವಾದಾಗ ಅವನ ಹೆಂಡತಿ ನನಗೆ ಫೋನು ಮಾಡಿದಳು. "ಅತ್ತಿಗೆ, ಆ ಜಾಗ ನಾನು ನೋಡೇ ಇಲ್ಲ. ಕರ್ಕೊಂಡು ಹೋಗ್ತೀರಾ?" ಎಂದಳು. ನನ್ನ ಜೀವ ಒಮ್ಮೆಲೇ ಮೇಲೆದ್ದಿತು. ನೋಡಬೇಕು ಅನ್ನಿಸಿದೆ ಎಂದರೆ ಮನಸ್ಸಿನಲ್ಲಿ ಎಲ್ಲೋ ಒಂದು ಅನುಮಾನ ಹುಟ್ಟಿದೆ, ಕೋರ್ಟು ಹೇಳದ ಮಾತನ್ನು ತಾನೇ ಹೋಗಿ ಹುಡುಕುತ್ತಿದ್ದಾಳೆ ಎಂದುಕೊಂಡೆ. ದಾರಿಯುದ್ದಕ್ಕೂ ಅವಳಿಗೆ ವಿವರಿಸಿದೆ, ಬೆನ್ನು, ವಾಲು, ತಗ್ಗು, ಎರಡು ಹಾಳೆ. ಅವಳು ಹೂಂ ಹೂಂ ಅನ್ನುತ್ತಾ ಕೇಳಿದಳು. ಅರ್ಧದಲ್ಲಿ, "ಹಾಗಾದ್ರೆ ನೀರು ನಿಂತ್ರೆ ಡ್ರೈವರ್ ಏನು ಮಾಡಿದ್ರೂ ಆಗಲ್ವಾ?" ಎಂದು ಕೇಳಿದಳು. ಆಗಲ್ಲ ಕಣೇ ಎಂದೆ. ಅವಳು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ತಲುಪುವಷ್ಟರಲ್ಲಿ ಮಳೆ ಜೋರಾಗಿಯೇ ಹಿಡಿಯಿತು.

ಇಬ್ಬರೂ ಒಂದೇ ಕೊಡೆಯಡಿ ರಸ್ತೆಯ ಅಂಚಿನಲ್ಲಿ ನಿಂತೆವು. ಅವಳು ಬಹಳ ಹೊತ್ತು ತಿರುವನ್ನು ನೋಡಿದಳು. ಬಗ್ಗಿ ನೋಡಿದಳು. ಆ ಕಡೆಯಿಂದ ಈ ಕಡೆಗೆ ನಡೆದು ನೋಡಿದಳು. ಮಳೆ ಬಿದ್ದದ್ದೆಲ್ಲ ಬಿದ್ದ ಹಾಗೇ ಓರೆಯಾಗಿ ಸರಿದು, ಜಾಲರಿಯೊಳಗೆ ಸದ್ದು ಮಾಡುತ್ತಾ ಇಳಿಯುತ್ತಿತ್ತು.

"ಎಲ್ಲಿ ಅತ್ತಿಗೆ?" ಎಂದಳು. "ಇಲ್ಲಿ ನೀರೇ ನಿಂತಿಲ್ವಲ್ಲ."

"ಆಗ ನಿಲ್ತಿತ್ತು. ಈಗ ಸರಿ ಮಾಡಿದೀವಿ. ನಾನೇ ಮಾಡಿದ್ದು."

ಅವಳು ನನ್ನ ಮುಖವನ್ನೇ ನೋಡಿದಳು. ನಂಬಬೇಕೆಂದು ಅವಳಿಗೆ ಎಷ್ಟು ಆಸೆ ಇತ್ತೋ ದೇವರೇ, ಅದು ಅವಳ ಕಣ್ಣಲ್ಲಿ ಕಾಣುತ್ತಿತ್ತು. ಆಮೇಲೆ ಮತ್ತೆ ರಸ್ತೆ ನೋಡಿದಳು. ಕಣ್ಣಲ್ಲಿದ್ದದ್ದು ಹೋಯಿತು.

"ಇಷ್ಟು ಒಳ್ಳೆ ರಸ್ತೇಲೂ ಸಾಯಿಸಿದ್ರಲ್ಲ ಅತ್ತಿಗೆ" ಎಂದಳು.

ಕೊಡೆಯಿಂದ ಹೊರಬಂದು, ನೆನೆಯುತ್ತಲೇ ಕಾರಿನ ಕಡೆ ನಡೆದಳು. ನಾನು ಅಲ್ಲೇ ನಿಂತಿದ್ದೆ. ಒಂದರ ಹಿಂದೊಂದು ಗಾಡಿಗಳು ತಿರುವು ದಾಟಿ ಹೋಗುತ್ತಿದ್ದವು. ಒಂದೂ ಜಾರಲಿಲ್ಲ.